ನಮ್ಮ ದೊಡ್ಡಪ್ಪನಿಗೆ ಸೊಕ್ಕು ಬಂದಿಲ್ಲ

ಸ್ವಲ್ಪ ಉದ್ದದ ಬರಹ. ದಾವಣಗೆರೆಯಲ್ಲಿರುವ ನಮ್ಮ ನೆಂಟರು, ಮಂಡಿಪೇಟೆ ಕಡೆಯ ಪರಿಚಯದವರು ದಯವಿಟ್ಟು ಪೂರ್ತಿ ಓದಿ.

ದೊಡ್ಡಪ್ಪ ಬದಲಾಗಿಬಿಟ್ಟಿದ್ದಾರೆ ಅನ್ನುವ ಮಾತು ಕೆಲವು ವರ್ಷಗಳಿಂದ ನಮ್ಮ ಕಿವಿಗೆ ಬೀಳುತ್ತಲೇ ಇದೆ. ನಮಸ್ಕಾರ ಅಂದರೂ ಮುಖ ಬಿಗಿದುಕೊಂಡೇ ಇರ್ತಾರಂತೆ. ಮಕ್ಕಳು ದುಡಿಯೋಕೆ ಶುರು ಮಾಡಿದ ಮೇಲೆ ಸೊಕ್ಕು ಬಂದಿದೆಯಂತೆ. ಒಂದು ನಿಶ್ಚಿತಾರ್ಥದಲ್ಲಂತೂ ಬೀಗರು ನಮ್ಮಮ್ಮನನ್ನು ಪಕ್ಕಕ್ಕೆ ಕರೆದು, "ನಿಮ್ಮ ಭಾವನವರಿಗೆ ಈ ಸಂಬಂಧ ಇಷ್ಟ ಇಲ್ವೇನ್ರಿ? ಬಂದಾಗಿಂದ ಮುಖ ಗಂಟು ಹಾಕ್ಕೊಂಡೇ ಕೂತಾರಲ್ಲ" ಅಂದರು. ಅವರು ಬಾಯಿ ಬಿಟ್ಟು ಕೇಳಿದ್ದು ಒಳ್ಳೆಯದೇ ಆಯಿತು. ಉಳಿದವರು ಕೇಳಲಿಲ್ಲ. ತಾವೇ ತೀರ್ಮಾನ ಮಾಡಿಕೊಂಡು ದೂರ ಸರಿದರು.

ದೊಡ್ಡಪ್ಪನಿಗೆ ಇರುವುದು ಪಾರ್ಕಿನ್ಸನ್ಸ್ ಕಾಯಿಲೆ.

ಈ ಕಾಯಿಲೆ ಅಂದರೆ ಕೈ ನಡುಗುವುದು ಅಂತ ಎಲ್ಲರಿಗೂ ಗೊತ್ತು. ಮುಖವೂ ಬಿಗಿಯುತ್ತೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಅದರಿಂದ ಚಲನೆ ನಿಧಾನ ಆಗುತ್ತದೆ. ನಡೆಯುವಾಗ ಕೈ ಬೀಸುವುದು ಕಡಿಮೆ ಆಗುತ್ತದೆ, ದನಿ ತಗ್ಗುತ್ತದೆ, ಕಣ್ಣು ರೆಪ್ಪೆ ಬಡಿಯುವುದೂ ಕಡಿಮೆ ಆಗುತ್ತದೆ. ನಗು, ಅಚ್ಚರಿ, ಬೇಸರ ಎಲ್ಲ ಒಳಗೆ ಇರುತ್ತವೆ, ಮುಖದ ಮೇಲೆ ಬರುವುದಿಲ್ಲ. ನಮ್ಮ ದೊಡ್ಡಪ್ಪನಿಗೆ ನಡುಕ ಕಡಿಮೆ, ಹಾಗಾಗಿ ನಮಗೂ ಬೇಗ ಗೊತ್ತಾಗಲಿಲ್ಲ. ಅಂಗಡಿಯ ಉದ್ರಿ ಪುಸ್ತಕ ನೋಡಿದಾಗ ಅಣ್ಣನಿಗೆ ಮೊದಲ ಅನುಮಾನ ಬಂತು. ಪುಟದ ಮೇಲಿನ ಸಾಲುಗಳಲ್ಲಿ ದುಂಡಗೆ ಇರುವ ಅಕ್ಷರ ಕೆಳಗೆ ಬರ್ತಾ ಬರ್ತಾ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಅದೂ ಈ ಕಾಯಿಲೆಯ ಲಕ್ಷಣವೇ ಅಂತ ಡಾಕ್ಟರ್ ಹೇಳಿದರು.

ಇದೇ ದೊಡ್ಡಪ್ಪನ ಕಿರಾಣಿ ಅಂಗಡಿಗೆ ಜಗಳೂರು, ಹರಿಹರ ಕಡೆಯಿಂದ ಗಿರಾಕಿಗಳು ಬರ್ತಾ ಇದ್ದರು. ಪಕ್ಕದಲ್ಲೇ ಬೇರೆ ಅಂಗಡಿಗಳಿದ್ದವು, ರೇಟೂ ಹೆಚ್ಚು ಕಮ್ಮಿ ಒಂದೇ. ಆದರೂ ಇಲ್ಲಿಗೇ ಬರ್ತಿದ್ದರು. ಮೆಟ್ಟಿಲು ಹತ್ತುವ ಮೊದಲೇ ದೊಡ್ಡಪ್ಪನ ಹುಬ್ಬು ಮೇಲಕ್ಕೆ ಹೋಗುತ್ತಿತ್ತು, ಆಮೇಲೆ ಬಾಯಿ ಅಗಲ ಆಗುತ್ತಿತ್ತು, ಆಮೇಲೆ "ಬರ್ರಿ ಬರ್ರಿ, ಕೂಡ್ರಿ". ಉದ್ರಿ ಕೇಳೋಕೆ ಬಂದವರಿಗೆ ಬಾಯಿ ಬಿಡುವ ಕಷ್ಟವೇ ಇರ್ತಿರಲಿಲ್ಲ. ಅವರ ಮುಖ ಬಾಡಿದ್ದು ನೋಡಿ ಇವರೇ ಚೀಟಿ ಎಳೆದುಕೊಳ್ಳುತ್ತಿದ್ದರು. ಮಾತಿಗಿಂತ ಜಾಸ್ತಿ ವ್ಯವಹಾರ ಹುಬ್ಬಿನಲ್ಲೇ ನಡೆಯುತ್ತಿತ್ತು.

ನಾವು ನಗುವುದು ಒಳಗೆ ಖುಷಿ ಉಕ್ಕಿದ್ದಕ್ಕೆ ಮಾತ್ರ ಅಲ್ಲ, ಎದುರಿಗೆ ಒಬ್ಬರಿದ್ದಾರೆ ಅಂತಲೂ ನಗುತ್ತೇವೆ. 1979ರಲ್ಲಿ ಅಮೆರಿಕದ ಕ್ರಾಟ್ ಮತ್ತು ಜಾನ್‌ಸ್ಟನ್ ಎಂಬ ಇಬ್ಬರು ಸಂಶೋಧಕರು, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟ ಆಡುವವರ ಮುಖ ಗಮನಿಸಿದರು. ಚೆಂಡು ಗುರಿಗೆ ಬಿದ್ದಾಗಲೂ ಆ ಕಡೆ ನೋಡುತ್ತಾ ನಗುವವರು ಕಡಿಮೆ. ಗೆಳೆಯರ ಕಡೆ ತಿರುಗಿದಾಗಲೇ ಜಾಸ್ತಿ ನಗು. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ನೋಡಿ, ವಿಕೆಟ್ ಬಿದ್ದ ಕೂಡಲೇ ಮುಖ ಯಾವ ಕಡೆ ತಿರುಗುತ್ತೆ ಅಂತ. ಒಬ್ಬರು ನಗುತ್ತಾರೆ, ಇನ್ನೊಬ್ಬರು ನಗು ಕೊಡುತ್ತಾರೆ, ಹೀಗೆ ಮುಂದೆ ಸಾಗುತ್ತೆ. ಈ ಕೊಡು–ಕೊಳ್ಳುವಿಕೆ ನಿಂತರೆ ಎದುರಿನವರು ಬೇಗ ಸೋಲುತ್ತಾರೆ.

ಮನೆಯಲ್ಲಿ ಇದು ಕಣ್ಣಾರೆ ಕಂಡಿದ್ದು. ಅಣ್ಣನ ಮಗಳು ಪುಟಾಣಿ ಇದ್ದಾಗ ಅಜ್ಜನ ಮಡಿಲಿಗೆ ಹೋಗಿ ನಗೋಳು, ಕೇಕೆ ಹಾಕೋಳು. ಅಜ್ಜನ ಮುಖ ಕದಲದಿದ್ದರೆ ಇನ್ನೊಮ್ಮೆ ಪ್ರಯತ್ನ ಮಾಡೋಳು. ಆಮೇಲೆ ಮುಖ ತಿರುಗಿಸಿ ಅಳು. ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ್ದರು. ತಾಯಿ ಎರಡೇ ನಿಮಿಷ ಮುಖದಲ್ಲಿ ಏನೂ ತೋರಿಸದೆ ಕೂತರೂ ಸಾಕು, ಕೂಸು ಕಂಗಾಲಾಗುತ್ತೆ. ದೊಡ್ಡಪ್ಪನಿಗೆ ಇದು ಎಷ್ಟು ನೋವಾಯಿತು ಅನ್ನುವುದು ಅವರ ಮುಖದಲ್ಲಿ ಕಾಣಲಿಲ್ಲ. ರಾತ್ರಿ ದೊಡ್ಡಮ್ಮನ ಹತ್ತಿರ ಹೇಳಿಕೊಂಡರಂತೆ.

ಆಮೇಲೆ ಅವರೇ ದಾರಿ ಹುಡುಕಿದರು. ಮಗು ನಕ್ಕರೆ ಅದರ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತಾರೆ. ದೊಡ್ಡವರಾದರೆ ಬಾಯಲ್ಲೇ ಹೇಳಿಬಿಡುತ್ತಾರೆ, "ನಗು ಬಂತು ಕಣಪ್ಪ ನಂಗೆ". ಮೊದಮೊದಲು ಕೇಳೋಕೆ ಕಷ್ಟ ಆಗುತ್ತಿತ್ತು. ಈಗ ಮನೆಯವರಿಗೆಲ್ಲ ಅದೇ ಅವರ ನಗು.

ಇನ್ನೊಂದು ವಿಷಯ ಡಾಕ್ಟರ್ ಹೇಳಿದ್ದು. ತಾನಾಗಿ ಬರುವ ನಗುವಿಗೂ ಬೇಕಂತ ನಗುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ದಾರಿ ಇದೆ. ಪಾರ್ಕಿನ್ಸನ್ಸ್‌ನಲ್ಲಿ ತಾನಾಗಿ ಬರುವ ನಗುವಿಗೇ ಪೆಟ್ಟು ಹೆಚ್ಚು. ಫೋಟೋ ತೆಗೆಯುವಾಗ "ನಗಿ ದೊಡ್ಡಪ್ಪ" ಅಂದರೆ ನಿಧಾನಕ್ಕೆ ತುಟಿ ಅಗಲ ಮಾಡುತ್ತಾರೆ. ಅವರ ಅಲ್ಬಮ್ ನೋಡಿದವರು "ಫೋಟೋದಲ್ಲಿ ನಗ್ತಾರಲ್ಲ, ನಮ್ಮನ್ನ ಕಂಡ್ರೆ ಮಾತ್ರ ಯಾಕಿಲ್ಲ" ಅನ್ನುತ್ತಾರೆ. ಕಾರಣ ಇದೇ.

ಮುಖ ನೋಡಿದರೆ ಮನಸ್ಸು ಗೊತ್ತಾಗುತ್ತೆ ಅಂತ ನಾವು ಎಷ್ಟು ಧೈರ್ಯವಾಗಿ ಹೇಳುತ್ತೇವೆ! ಹೆಣ್ಣು ನೋಡೋಕೆ ಹೋದಾಗ ಹುಡುಗಿ ನಗಲಿಲ್ಲ ಅಂದರೆ ಜಂಬ, ಜಾಸ್ತಿ ನಕ್ಕರೆ ಗಂಭೀರ ಇಲ್ಲ. ಸಾವಿನ ಮನೆಯಲ್ಲಿ ಸೊಸೆ ಅಳಲಿಲ್ಲ ಅಂದರೆ ಕಲ್ಲು ಮನಸ್ಸು. ನನಗೆ ಇದು ಅನ್ಯಾಯ ಅನಿಸುತ್ತೆ. ವಿಜ್ಞಾನದಲ್ಲೂ ಈ ಜಗಳ ಮುಗಿದಿಲ್ಲ. 1960ರ ದಶಕದ ಕೊನೆಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಪಾಪುವಾ ನ್ಯೂಗಿನಿಯ ಫೋರೆ ಜನರಿಗೆ ಫೋಟೋ ತೋರಿಸಿ, ಕೆಲವು ಮೂಲ ಭಾವಗಳ ಮುಖ ಲೋಕದಲ್ಲೆಲ್ಲ ಒಂದೇ ಅಂದರು. ಅದೇ ಕಡೆಯ ಟ್ರೋಬ್ರಿಯಾಂಡ್ ದ್ವೀಪದವರಿಗೆ ಹೆದರಿದ ಮುಖ ಅಂತ ನಾವು ಕರೆಯುವ ಫೋಟೋ ತೋರಿಸಿದರೆ, ಬೆದರಿಸುವ ಮುಖ ಅಂದರು ಅಂತ 2016ರ ಅಧ್ಯಯನ ಹೇಳಿತು. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ವಿಜ್ಞಾನಿಗಳು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿದರು. ಸಿಟ್ಟು ಬಂದವರು ಎಷ್ಟೋ ಸಲ ಹುಬ್ಬು ಗಂಟಿಕ್ಕುವುದೇ ಇಲ್ಲ, ಹುಬ್ಬು ಗಂಟಿಕ್ಕಿದವರಿಗೆಲ್ಲ ಸಿಟ್ಟೂ ಬಂದಿರುವುದಿಲ್ಲ. ಬರೀ ಮುಖ ನೋಡಿ ಭಾವನೆ ಖಚಿತವಾಗಿ ಹೇಳಲು ಆಗದು ಅನ್ನುವುದು ಅವರ ತೀರ್ಮಾನ. ನಾನು ಇವರ ಕಡೆ.

ಈಗ ಈ ಕೆಲಸವನ್ನು ಕ್ಯಾಮೆರಾಗೂ ವಹಿಸುವವರಿದ್ದಾರೆ. ಯುರೋಪಿಯನ್ ಒಕ್ಕೂಟದ 2024ರ ಎಐ (ಕೃತಕ ಬುದ್ಧಿಮತ್ತೆ) ಕಾನೂನು, ಕೆಲಸದ ಜಾಗದಲ್ಲಿ ಮತ್ತು ಶಾಲೆಗಳಲ್ಲಿ ಮುಖ ನೋಡಿ ಭಾವನೆ ಅಳೆಯುವ ಯಂತ್ರಗಳನ್ನು ನಿಷೇಧಿಸಿದೆ. ಚಿಕಿತ್ಸೆಗೆ, ಸುರಕ್ಷತೆಗೆ ಮಾತ್ರ ವಿನಾಯಿತಿ. ನಮ್ಮಲ್ಲೂ ಅಂಥದ್ದು ಬರಬೇಕು. ನಮ್ಮೂರಿನ ಎಂಜಿನಿಯರಿಂಗ್ ಮಕ್ಕಳು ಈಗ ರೂಮಿನಲ್ಲಿ ಕೂತು ಲ್ಯಾಪ್‌ಟಾಪ್ ಮುಂದೆ ಇಂಟರ್‌ವ್ಯೂ ಕೊಡುತ್ತಾರೆ. ಅವರ ತುಟಿ ಎಷ್ಟು ಅಗಲ ಆಯಿತು ಅನ್ನುವುದರ ಮೇಲೆ ಕೆಲಸ ನಿರ್ಧಾರ ಆಗಬಾರದು.

ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಮದುವೆ. ಆಮಂತ್ರಣ ನಿಮಗೆಲ್ಲ ತಲುಪುತ್ತೆ. ಛತ್ರದ ಬಾಗಿಲ ಹತ್ತಿರ ಮೊದಲ ಕುರ್ಚಿಯಲ್ಲಿ ದೊಡ್ಡಪ್ಪ ಕೂತಿರುತ್ತಾರೆ, ಬಂದವರನ್ನು ತಾವೇ ಸ್ವಾಗತ ಮಾಡಬೇಕು ಅಂತ ಹಟ. ಅವರ ಪಕ್ಕ ಎರಡು ಕುರ್ಚಿ ಖಾಲಿ ಇಡಿಸುತ್ತೇವೆ. ಸುಮ್ನೆ ಕೈ ಮುಗಿದು ಒಳಗೆ ಹೋಗಬೇಡಿ, ಕೂತು ಮಾತಾಡಿಸಿ. ಗದ್ದಲದಲ್ಲಿ ಅವರ ದನಿ ಕೇಳಿಸದು, ಸ್ವಲ್ಪ ಬಗ್ಗಿ. ಉತ್ತರ ಬರೋಕೆ ತಡ ಆಗುತ್ತೆ, ಕಾಯಿರಿ. ನಿಮ್ಮ ಹೆಸರು, ನಿಮ್ಮ ಅಪ್ಪನ ಹೆಸರು, ನೀವು ಯಾವ ವರ್ಷ ಎಷ್ಟು ಮೂಟೆ ಅಕ್ಕಿ ಒಯ್ದಿದ್ದಿರಿ ಅನ್ನುವುದೆಲ್ಲ ಅವರಿಗೆ ನೆನಪಿದೆ.