ವಿಸಿಲ್ ಆಗುವವರೆಗೂ ತಡೀರಿ

ಟೊರಾಂಟೊದಲ್ಲಿ ಮೊದಲ ಸಲ ಐಸ್ ಹಾಕಿ ನೋಡಲು ಹೋದ ದಿನ ಜನರನ್ನು ಸೀಟಿಗೆ ಬಿಡುವ ಕೆಲಸದಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಮೆಟ್ಟಿಲ ಬಳಿಯೇ ನಿಲ್ಲಿಸಿಬಿಟ್ಟರು. ಒಂದು ಕೈಯಲ್ಲಿ ಪಾಪ್‌ಕಾರ್ನ್, ಇನ್ನೊಂದರಲ್ಲಿ ಕಾಫಿ. ನನ್ನ ಸೀಟು ಹತ್ತೇ ಮೆಟ್ಟಿಲು ಕೆಳಗೆ, ಕಣ್ಣಿಗೆ ಕಾಣುತ್ತಿದೆ. ಟಿಕೆಟ್ ತೋರಿಸಲು ಹೋದೆ. ಅವರು ನೋಡಲೇ ಇಲ್ಲ. ಅಂಗೈ ಅಡ್ಡ ಹಿಡಿದು, ವಿಸಿಲ್ ಆಗಲಿ ಎಂದರು. ನನ್ನ ಹಿಂದೆ ಏಳೆಂಟು ಜನ ಬಂದು ನಿಂತರು. ಯಾರೂ ತುಟಿ ಪಿಟಕ್ ಅನ್ನಲಿಲ್ಲ. ದುಡ್ಡು ಕೊಟ್ಟು ಬಂದವನನ್ನು ಹೀಗಾ ನಿಲ್ಲಿಸೋದು ಅಂತ ಒಳಗೊಳಗೇ ಕುದ್ದೆ.

ನಾನು ಬೆಳೆದದ್ದು ಮಡಿಕೇರಿಯಲ್ಲಿ. ಹಾಕಿ ಅಂದರೆ ನನಗೆ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದಾಗ 60 ಕುಟುಂಬಗಳಿದ್ದವು, ಈಗ ಮುನ್ನೂರು ದಾಟಿವೆ. ಅಲ್ಲಿ ಗ್ಯಾಲರಿಯಲ್ಲಿ ಆಟಕ್ಕಿಂತ ಮಾತೇ ಜಾಸ್ತಿ. ಸರಿಯಾಗಿ ಗೋಲು ಬೀಳೋ ಹೊತ್ತಿಗೆ ಯಾರೋ ಮಾವ ಎದುರಿಗೆ ಬಂದು ನಿಲ್ಲುತ್ತಾರೆ, ಮೇಲಿನ ಸಾಲಿನಲ್ಲಿ ಕೂತ ನೆಂಟರನ್ನು ಮಾತಾಡಿಸೋಕೆ. ಕೂತ್ಕೊಳ್ಳಿ ಅಂದರೆ, ಒಂದ್ನಿಮಿಷ ಇರಪ್ಪ ಅಂತಾರೆ. ನಾನು ನೋಡಿದ ಪೆನಾಲ್ಟಿ ಕಾರ್ನರ್‌ಗಳಲ್ಲಿ ಅರ್ಧಕ್ಕರ್ಧ ಬರೀ ಬೆನ್ನುಗಳೇ. ಆಟ ಯಾಕೆ, ನಮ್ಮಲ್ಲಿ ಧಾರೆಯನ್ನೂ ಫೋಟೋಗ್ರಾಫರ್ ಬೆನ್ನಿನಲ್ಲೇ ನೋಡಬೇಕು, ಅಲ್ವಾ?

ಕೊನೆಗೂ ವಿಸಿಲ್ ಆಯಿತು, ಆಟ ನಿಂತಿತು, ಹೋಗಿ ಕೂತೆ. ಐದು ನಿಮಿಷದಲ್ಲಿ ಅಜ್ಜಿಯ ಲೆಕ್ಕಾಚಾರ ಅರ್ಥವಾಯಿತು. ಇಲ್ಲಿ ಚೆಂಡಿನ ಬದಲು ಇರುವ ಪಕ್ ಅನ್ನೋದು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ. ಪುಟಿಯದಿರಲಿ ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜ್ ಮಾಡಿಟ್ಟಿರುತ್ತಾರೆ. ರೆಪ್ಪೆ ಬಡಿದರೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಆಟಗಾರರು ಬದಲಾಗುವುದೂ ಆಟ ನಿಲ್ಲಿಸದೆಯೇ. ಮುಕ್ಕಾಲು ನಿಮಿಷ ಆಡಿ ಸುಸ್ತಾದವನು ಬೇಲಿ ಹಾರಿ ಈಚೆ ಬರುತ್ತಾನೆ, ಇನ್ನೊಬ್ಬ ಆಚೆ ಹಾರುತ್ತಾನೆ. ಇಂಥದರ ನಡುವೆ ನಾನು ಕಾಫಿ ಚೆಲ್ಲದ ಹಾಗೆ ಮೆಟ್ಟಿಲು ಇಳಿದರೆ, ಹಿಂದಿನ ಸಾಲಿನವನ ಗೋಲು ಹೋಯಿತು. ಮೇಲಾಗಿ ಪಕ್ ಗಾಜು ದಾಟಿ ಹಾರಿಬರುವುದೂ ಉಂಟು. 2002ರಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಪಂದ್ಯ ನೋಡುತ್ತಿದ್ದ ಹುಡುಗಿಯೊಬ್ಬಳು ಹಾಗೆ ಪೆಟ್ಟು ತಿಂದು ತೀರಿಕೊಂಡಳು. ಗೋಲಿನ ಹಿಂದೆ ಎತ್ತರದ ಬಲೆ ಕಡ್ಡಾಯವಾದದ್ದು ಅದಾದ ಮೇಲೆ.

ಅಂದರೆ ಅಜ್ಜಿ ನನ್ನನ್ನು ತಡೆದದ್ದು ನನಗೆ ಗುರುತೇ ಇಲ್ಲದ ಒಬ್ಬನಿಗಾಗಿ. ಇಷ್ಟು ಸಣ್ಣ ವಿಷಯ ನಮಗೆ ಯಾಕೆ ಹೊಳೆಯಲಿಲ್ಲವೋ. ಯಾವ ಖರ್ಚೂ ಇಲ್ಲ. ಒಂದು ಅಂಗೈ ಸಾಕು.

ಟೊರಾಂಟೊ ತಂಡ ಕಡೆಯ ಸಲ ಕಪ್ ಗೆದ್ದದ್ದು 1967ರಲ್ಲಿ. ಆರ್‌ಸಿಬಿಗಾಗಿ 18ನೇ ಸೀಸನ್‌ವರೆಗೆ ಕಾದ ನಮಗೇ ಇವರನ್ನು ಕಂಡರೆ ಪಾಪ ಅನಿಸಬೇಕು. ಕಾಯೋದು ಇವರಿಗೆ ಎಲ್ಲದರಲ್ಲೂ ಅಭ್ಯಾಸವಾಗಿದೆಯೋ ಏನೋ.

ಆದರೆ ಒಂದು ಮಾತು ಹೇಳಲೇಬೇಕು. ಪಕ್ಕದ ಸೀಟಿನವನು ಆಟದ ಮೂರು ಪೀರಿಯಡ್‌ಗಳಲ್ಲಿ ಎರಡು ಮುಗಿದರೂ ನನ್ನ ಕಡೆ ತಿರುಗಿರಲಿಲ್ಲ. ನಮ್ಮೂರ ಗ್ಯಾಲರಿಯಾಗಿದ್ದರೆ ಅಷ್ಟರಲ್ಲಿ ಯಾರ ಮಗ, ಮನೆ ಎಲ್ಲಿ, ಮದುವೆ ಆಯ್ತಾ, ಎಲ್ಲ ವಿಚಾರಣೆ ಮುಗಿದಿರುತ್ತಿತ್ತು. ಮೂರನೇ ಪೀರಿಯಡ್‌ನಲ್ಲಿ ಒಬ್ಬ ಹ್ಯಾಟ್ರಿಕ್ ಗೋಲು ಹೊಡೆದ. ಹತ್ತು ಮೆಟ್ಟಿಲು ಇಳಿಯಲು ಬಿಡದ ಜನ ಈಗ ತಲೆಯ ಮೇಲಿದ್ದ ಟೋಪಿ ಕಿತ್ತು ಐಸ್ ಮೇಲೆ ಎಸೆಯತೊಡಗಿದರು! ಅದೂ ಇಲ್ಲಿನ ಶಾಸ್ತ್ರವಂತೆ. ಪಕ್ಕದವನು ತನ್ನದನ್ನು ಎಸೆದು, ನೀನೂ ಎಸಿ ಅನ್ನೋ ಹಾಗೆ ನನ್ನ ತಲೆ ನೋಡಿದ.

ನನ್ನ ತಲೆಯಲ್ಲಿದ್ದದ್ದು ಅಮ್ಮ ಕಳಿಸಿದ ಮಂಕಿ ಕ್ಯಾಪ್. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಜೋರಾಗಿ ನಕ್ಕ. ಅದೇನದು, ಯಾರು ಹೆಣೆದದ್ದು ಎಂದು ಕೇಳಿದ. ಅಷ್ಟರಲ್ಲಿ ಟೋಪಿಗಳನ್ನು ಬಾಚಿ ಮುಗಿದಿತ್ತು. ಅಮ್ಮ, ಅಂತ ನಾನು ಶುರು ಮಾಡುವಾಗ ಪಕ್ ಬಿತ್ತು, ಆಟ ಮತ್ತೆ ಶುರುವಾಯಿತು. ಅವನು ಆ ಕಡೆ ತಿರುಗಿದ.