ಮಾವನ ಡೈರಿಯಲ್ಲಿ ಸ್ಯಾಂಟೊರಿನಿ

ಗ್ರೀಸ್ ದೇಶದ ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿ ಅನ್ನೋ ಇನ್ನೊಂದು ದ್ವೀಪಕ್ಕೆ ಒಂದು ದಿನದ ಟ್ರಿಪ್ ಅಂತ ಮಾರ್ತಾರಲ್ಲ, ಅದನ್ನ ಕೊಳ್ಳೋರಿಗೆ ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಸ್ಯಾಂಟೊರಿನಿ ಹೆಸರುವಾಸಿ ಆಗಿರೋದು ಸೂರ್ಯಾಸ್ತಕ್ಕೆ, ಜುಲೈ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ 8.30ರ ಸುಮಾರಿಗೆ, ನಮ್ಮನ್ನ ವಾಪಸ್ ತುಂಬ್ಕೊಂಡು ಫೆರಿ ಹೊರಡೋದು ಸಾಯಂಕಾಲ 5.30ಕ್ಕೆ. ಬ್ರೋಷರ್ ಮೇಲೆ ಮಾತ್ರ ಕೆಂಪಗೆ ಮುಳುಗ್ತಿರೋ ಸೂರ್ಯನ ಫೋಟೋನೇ ಹಾಕಿದ್ರು. ಇದನ್ನ ಕಂಡುಹಿಡಿದಿದ್ದು ನಮ್ಮ ಮಾವ, ಅದೂ ದುಡ್ಡು ಕಟ್ಟಿ ಆದ್ಮೇಲೆ.

ಮಾವ ಕೆಎಸ್‌ಆರ್‌ಟಿಸಿಯಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ರಿಟೈರ್ ಆದೋರು. ಚಿಕ್ಕಮಗಳೂರು ಬಸ್ ಸ್ಟ್ಯಾಂಡಲ್ಲಿ ಯಾವ ಗಾಡಿ ಎಷ್ಟೊತ್ತಿಗೆ ಬಂತು ಎಷ್ಟೊತ್ತಿಗೆ ಹೋಯ್ತು ಅಂತ ಬರೀತಾ ಬರೀತಾನೇ ತಲೆ ಬೆಳ್ಳಗೆ ಮಾಡ್ಕೊಂಡೋರು. ಈಗ್ಲೂ ಜೇಬಲ್ಲಿ ಪುಟ್ಟ ಡೈರಿ ಇದ್ದೇ ಇರತ್ತೆ, ಯಾರ ಮನೆ ಮದುವೆಗೆ ಹೋದ್ರೂ ಮುಹೂರ್ತ ಎಷ್ಟು ನಿಮಿಷ ಲೇಟಾಯ್ತು ಅಂತ ಅದ್ರಲ್ಲಿ ಎಂಟ್ರಿ ಆಗತ್ತೆ. ನಮ್ಮ ಮದುವೇದೂ ಇದೆ, 11 ನಿಮಿಷ, ಕಾರಣದ ಜಾಗದಲ್ಲಿ 'ವರನ ಕಡೆಯವರು' ಅಂತ ಬರ್ದಿದಾರೆ.

ಬಾಮೈದ ಮ್ಯೂನಿಕ್‌ನಲ್ಲಿದಾನೆ. ಅವನನ್ನ ನೋಡಕ್ಕೆ ಅಂತ ಅತ್ತೆ, ಮಾವ, ನಾನು, ನನ್ನ ಹೆಂಡ್ತಿ ಹೋಗಿದ್ವಿ, ಬೇಸಿಗೆ ಬಂದ್ರೆ ಜರ್ಮನ್ನರೆಲ್ಲ ಕ್ರೀಟ್‌ಗೆ ಹೋಗ್ತಾರೆ ನಾವೂ ಹೋಗೋಣ ಅಂತ ಅವನೇ ಪ್ಯಾಕೇಜ್ ಮಾಡ್ಸಿದ್ದ. ಸ್ಯಾಂಟೊರಿನಿ ದಿನ ಮಾತ್ರ "ನಾನು ನೋಡಿದೀನಿ ಭಾವ, ನೀವು ಹೋಗ್ಬನ್ನಿ" ಅಂತ ಮುಸುಕು ಎಳ್ಕೊಂಡು ಮಲಗ್ಬಿಟ್ಟ.

ಬಸ್ಸು ಬೆಳಿಗ್ಗೆ 5.40ಕ್ಕೆ ಹೋಟೆಲ್ ಮುಂದೆ ಅಂದಿದ್ರು, ಮಾವ 5ಕ್ಕೇ ಮಫ್ಲರ್ ಸುತ್ಕೊಂಡು ಗೇಟ್ ಹತ್ರ ನಿಂತಿದ್ರು. ಬಂದಿದ್ದು 6.05ಕ್ಕೆ. ಬಂದ್ಮೇಲಾದ್ರೂ ಸೀದಾ ಹೆರಾಕ್ಲಿಯಾನ್ ಬಂದರಿಗೆ ಹೋಗುತ್ತಾ, ಇಲ್ಲ, ಸಮುದ್ರದ ದಡದುದ್ದಕ್ಕೂ ಸಿಕ್ಕ ಸಿಕ್ಕ ಹೋಟೆಲಿಗೆಲ್ಲ ನಿಂತು, ಕಣ್ಣುಜ್ಜಿಕೊಂಡು ಬರೋ ಒಬ್ಬೊಬ್ರನ್ನೂ ಹತ್ತಿಸ್ಕೊಂಡು ಹೋಯ್ತು. "ಎಕ್ಸ್‌ಪ್ರೆಸ್ ಅಂತ ಹೇಳಿ ಶಟಲ್ ಬಿಟ್ಟಿದ್ದಾರೆ ಅಳಿಯಂದ್ರೇ" ಅಂದ್ರು ಮಾವ. ಹೋಟೆಲೋರು ತಿಂಡಿಗೆ ಅಂತ ಒಂದೊಂದು ಡಬ್ಬ ಕೊಟ್ಟಿದ್ರು. ಅತ್ತೆ ಬ್ರೆಡ್ಡಿನ ಮೂಲೆನ ಎರಡು ಬೆರಳಲ್ಲಿ ಎತ್ತಿ ನೋಡಿದ್ರು, ಒಳಗೆ ತೆಳ್ಳಗೆ ಗುಲಾಬಿ ಬಣ್ಣದ್ದು ಏನೋ ಮಡಚಿಕೊಂಡು ಕೂತಿತ್ತು, ಮಾತಾಡ್ದೇ ಮುಚ್ಚಿ ಮುಂದಿನ ಸೀಟಿನ ಹುಡುಗನಿಗೆ ಡಬ್ಬದ ಸಮೇತ ದಾನ ಮಾಡಿದ್ರು. ಆಮೇಲೆ ಬ್ಯಾಗಿಂದ ಚಕ್ಕುಲಿ, ಕೋಡುಬಳೆ ಹೊರಗೆ ಬಂತು, ಆ ಇಡೀ ದಿನ ಆ ಚಕ್ಕುಲಿ ಮಾಡಿದ ಕೆಲ್ಸ ಒಂದೆರಡಲ್ಲ, ಹೇಳ್ತೀನಿ.

ಗೈಡಮ್ಮ ಎಲ್ಲರ ಎದೆಗೂ ಒಂದು ಕಿತ್ತಳೆ ಬಣ್ಣದ ಸ್ಟಿಕರ್ ಅಂಟಿಸಿದ್ಲು. ಸೀರೆಗೆ ಗೋಂದು ಹತ್ತತ್ತೆ ಅಂತ ಅತ್ತೆ ಮಾತ್ರ ಅದನ್ನ ಬ್ಯಾಗಿಗೆ ಅಂಟಿಸ್ಕೊಂಡ್ರು. ಆಕೆ ಮೊದ್ಲು ಜರ್ಮನ್‌ನಲ್ಲಿ ಹೇಳ್ತಾಳೆ, ಅದು ಐದು ನಿಮಿಷ, ಮಧ್ಯೆ ಜರ್ಮನ್ನರು ಹೊಟ್ಟೆ ಹಿಡ್ಕೊಂಡು ನಗ್ತಾರೆ. ಆಮೇಲೆ ಫ್ರೆಂಚ್, ಅದು ಮೂರು ನಿಮಿಷ, ಅವ್ರೂ ಮುಗುಳ್ನಗ್ತಾರೆ. ಕೊನೆಗೆ ಇಂಗ್ಲಿಷ್, "ಎಡಗಡೆ ಸಮುದ್ರ" ಅಂತ ಹೇಳಿ ಮೈಕ್ ಆಫ್. ಆ ಜೋಕು ಏನು ಅನ್ನೋದು ನಮಗೆ ಕೊನೇವರೆಗೂ ಗೊತ್ತಾಗ್ಲಿಲ್ಲ.

ಫೆರಿ ಅಂದ್ರೆ ಡೆಕ್ ಮೇಲೆ ರೇಲಿಂಗ್ ಹಿಡ್ಕೊಂಡು ಗಾಳಿಗೆ ಮುಖ ಒಡ್ಕೊಂಡು ನಿಲ್ಲೋದು ಅಂತ ನನ್ನ ಹೆಂಡ್ತಿ ಕನಸು ಕಂಡು ಅಗಲ ಅಂಚಿನ ಟೋಪಿ ಬೇರೆ ತಗೊಂಡಿದ್ಲು. ಇದು ಹೈಸ್ಪೀಡ್ ಕ್ಯಾಟಮರಾನ್, ಹಿಂದಗಡೆ ದೊಡ್ಡ ಬಾಗಿಲು ಕೆಳಗಿಳಿಯತ್ತೆ, ಕಾರು ಲಾರಿ ಬೈಕುಗಳ ಜೊತೆಗೇ ಜನರೂ ನುಗ್ಬೇಕು, ಒಳಗೆ ವಿಮಾನದ ಥರ ಸಾಲು ಸಾಲು ಸೀಟು, ಕಿಟಕಿ ಗಾಜಿನ ಮೇಲೆ ಉಪ್ಪು ಹೆಪ್ಪುಗಟ್ಟಿ ಹೊರಗೆ ಏನೂ ಕಾಣಲ್ಲ. ಎರಡು ಗಂಟೆ ದಾರಿ. ಜುಲೈ ಆಗಸ್ಟಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಅಂತ ಗಾಳಿ ಬೀಸತ್ತೆ, ಆಕಾಶದಲ್ಲಿ ಒಂದು ಮೋಡ ಇರಲ್ಲ, ಬಿಸಿಲು ಚೆನ್ನಾಗಿರತ್ತೆ, ಆದ್ರೆ ನೀರು ಮಾತ್ರ ಕುದೀತಿರತ್ತೆ, ತೀರಾ ಜೋರಾದ್ರೆ ಬಂದರಿನೋರು ಫೆರಿ ಬಿಡೋದೇ ಇಲ್ಲ. ಗಾಳಿಯ ಜೋರನ್ನ ಬೋಫೋರ್ಟ್ ಅನ್ನೋ ಅಳತೇಲಿ ಹೇಳ್ತಾರೆ, "ಇವತ್ತು 5 ಬೋಫೋರ್ಟ್, ಏನೂ ತೊಂದ್ರೆ ಇಲ್ಲ" ಅಂತ ಗೈಡಮ್ಮ ಅಂದ ಅರ್ಧ ಗಂಟೆಗೆ ಫೆರಿಯ ಸಿಬ್ಬಂದಿ ಕಾಗದದ ಚೀಲದ ಕಟ್ಟು ಹಿಡ್ಕೊಂಡು ಸಾಲು ಸಾಲಾಗಿ ಹಂಚ್ತಾ ಬಂದ್ರು. ಬೆಳಿಗ್ಗೆ ಅಷ್ಟು ನಕ್ಕಿದ್ದ ಜರ್ಮನ್ನರೆಲ್ಲ ಆ ಚೀಲದೊಳಗೆ ಮುಖ ಇಟ್ಕೊಂಡು ಕೂತಿದ್ರು. ಅತ್ತೆ ಮೂಸಕ್ಕೆ ನಿಂಬೆಹಣ್ಣು, ಕಚ್ಚಕ್ಕೆ ಒಣಶುಂಠಿ ಅಂತ ಅಕ್ಕಪಕ್ಕದೋರಿಗೆಲ್ಲ ಸರಬರಾಜು ಶುರು ಮಾಡಿದ್ರು, ಒಂದು ಹಂತದಲ್ಲಿ ನಮ್ಮ ಸಾಲಲ್ಲಿ ಒಂದು ನಿಂಬೆಹಣ್ಣು ಮೂರು ದೇಶದವರ ಮೂಗು ದಾಟಿ ವಾಪಸ್ ಬಂತು. ಮಾವನಿಗೆ ಏನೂ ಆಗ್ಲಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಹಿಂದಿನ ಸೀಟಲ್ಲಿ ಕೂತು ಧರ್ಮಸ್ಥಳಕ್ಕೆ ಹೋದೋರಿಗೆ ಇದೆಲ್ಲ ಏನು ಅಂತ ಕೇಳಿದ್ರು.

ಆ ಚಾರ್ಮಾಡಿ ಮಾತು ಸ್ಯಾಂಟೊರಿನಿಯ ಅಥಿನಿಯೋಸ್ ಬಂದರಲ್ಲಿ ಇಳಿದ ಮೇಲೆ ನಿಂತ್ಹೋಯ್ತು. ಸುಮಾರು 3600 ವರ್ಷದ ಹಿಂದೆ ದೊಡ್ಡ ಜ್ವಾಲಾಮುಖಿ ಸಿಡಿದು ದ್ವೀಪದ ನಡುವೆ ಕುಸಿದುಹೋಗಿ ಸಮುದ್ರ ಒಳಗೆ ನುಗ್ಗಿದೆ, ಉಳಿದಿರೋದು ಸುತ್ತ ಅಂಚು ಮಾತ್ರ. ಆ ಅಂಚು ನೀರಿಂದ ಗೋಡೆ ಎದ್ದಂಗೆ ನೇರ ಮೇಲಕ್ಕಿದೆ, ಬಂದರು ಕೆಳಗೆ, ಊರೆಲ್ಲ ಮೇಲೆ. ಆ ಗೋಡೆಗೆ ಕೊರೆದಿರೋ ರಸ್ತೇಲಿ ಒಂದರ ಹಿಂದೆ ಒಂದು ಹೇರ್‌ಪಿನ್ ತಿರುವು, ಎದುರಿಂದ ಇನ್ನೊಂದು ಟೂರಿಸ್ಟ್ ಬಸ್ಸು. ನಮ್ಮ ಡ್ರೈವರಪ್ಪ ಒಂದು ಕೈಲಿ ಕೋಲ್ಡ್ ಕಾಫಿ ಹಿಡ್ಕೊಂಡು, ಇನ್ನೊಂದು ಕೈಲಿ ಸ್ಟೇರಿಂಗ್ ತಿರುಗಿಸ್ತಾ, ಬಸ್ಸಿನ ಮೂತಿನ ಸಮುದ್ರದ ಮೇಲೆ ತೂಗಿಸಿ ಸರಕ್ಕನೆ ಒಳಗೆ ತಗೊಂಡ. ಮಾವ ಸೀಟಿಂದ ಎದ್ದೇ ನಿಂತ್ರು. "ಇವನು ನಮ್ಮ ಡಿಪೋದಲ್ಲಿ ಇರ್ಬೇಕಿತ್ತು" ಅಂದ್ರು. ಮಾವ ಇಷ್ಟು ವರ್ಷದಲ್ಲಿ ನನ್ನ ಡ್ರೈವಿಂಗ್ ಬಗ್ಗೆ ಆಡಿರೋ ಒಳ್ಳೇ ಮಾತು ಅಂದ್ರೆ "ಬ್ರೇಕ್ ಇದೆಯಲ್ಲ" ಅನ್ನೋದು.

ದಾರೀಲಿ ಗೈಡಮ್ಮ ಅಕ್ರೋಟಿರಿ ಬಗ್ಗೆ ಹೇಳಿದ್ಲು. ಆ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಪಟ್ಟಣ, 1967ರಲ್ಲಿ ಅಗೆಯೋಕೆ ಶುರು ಮಾಡಿದ್ರು, ಎರಡು ಮೂರು ಅಂತಸ್ತಿನ ಮನೆ, ಗೋಡೆ ಮೇಲೆ ಚಿತ್ರ ಎಲ್ಲ ಸಿಕ್ತು, ಆದ್ರೆ ಆ ಮನೆಗಳಲ್ಲಿ ಸಿಡಿತಕ್ಕೆ ಸಿಕ್ಕಿ ಸತ್ತೋರ ಅಸ್ಥಿ ಮಾತ್ರ ಸಿಗ್ಲಿಲ್ಲ, ಮೊದ್ಲು ಭೂಮಿ ನಡುಗಿದಾಗ್ಲೇ ಜನ ಊರು ಖಾಲಿ ಮಾಡಿರ್ಬೇಕು ಅಂತಾರೆ. ಮಾವ ತಲೆ ಆಡಿಸಿ "ನೋಡಿ, ಟೈಮಿಗೆ ಸರಿಯಾಗಿ ಹೊರಟಿದ್ದಾರೆ" ಅಂದ್ರು. ಆವತ್ತು ಆ ದ್ವೀಪದಲ್ಲಿ ಅವರಿಗೆ ಪೂರ್ತಿ ಮೆಚ್ಚುಗೆ ಆದೋರು ಅಂದ್ರೆ ಬಸ್ ಡ್ರೈವರ್ ಬಿಟ್ರೆ ಅವ್ರೇ.

ಈಯಾ ಅನ್ನೋ ಊರಲ್ಲಿ ಇಳಿಸಿ ಒಂದೂಕಾಲು ಗಂಟೆ ಟೈಮ್ ಕೊಟ್ರು. ನಾವೆಲ್ಲ ಫೋಟೋದಲ್ಲಿ ನೋಡೋ ಸ್ಯಾಂಟೊರಿನಿ ಇದೇ. 1956ರ ಭೂಕಂಪದಲ್ಲಿ ಈ ಊರು ಕುಸಿದು ಎಷ್ಟೋ ಜನ ಬಿಟ್ಟು ಹೋಗಿದ್ರಂತೆ, ಜ್ವಾಲಾಮುಖಿ ಬೂದಿಯ ಮೆತ್ತನೆ ಕಲ್ಲಲ್ಲಿ ಬಡವರು ಕೊರ್ಕೊಂಡಿದ್ದ ಗುಹೆ ಮನೆಗಳೇ ಈಗ ಹೋಟೆಲ್ ರೂಮು, ಒಂದು ರಾತ್ರಿ ಬಾಡಿಗೆಗೆ ನಮ್ಮ ನಾಲ್ಕೂ ಜನರ ಪ್ಯಾಕೇಜ್ ಬರತ್ತೆ. ಇನ್ನೊಂದು ವಿಷಯ ಏನಂದ್ರೆ ಅಲ್ಲಿ ಚರ್ಚುಗಳ ಎಲ್ಲ ಗುಮ್ಮಟಾನೂ ನೀಲಿ ಅಲ್ಲ, ಆ ಫೇಮಸ್ ನೀಲಿ ಗುಮ್ಮಟಗಳು ಕಾಣೋ ಸಂದು ಇರೋದು ಒಂದು, ಅಲ್ಲಿಗೆ ಹೋಗೋಕೆ ನಮ್ಮ ಕಡೆ ದೇವಸ್ಥಾನದಲ್ಲಿ ಧರ್ಮದರ್ಶನಕ್ಕೆ ನಿಲ್ತೀವಲ್ಲ ಅಷ್ಟುದ್ದ ಕ್ಯೂ. ಮುಂದೆ ಒಬ್ಳು ಹುಡುಗಿ ಹಳದಿ ಗೌನಿನ ಬಾಲನ ಗಂಡನ ಕೈಲಿ ಎಸೆಸಿ ಎಸೆಸಿ ಫೋಟೋ ತೆಗೆಸ್ಕೊಳ್ತಿದ್ಲು, ಅವನು ಎಸೀಬೇಕು, ಓಡಿ ಫ್ರೇಮಿಂದ ಹೊರಗೆ ಹೋಗ್ಬೇಕು, ಅಷ್ಟರಲ್ಲಿ ಬಟ್ಟೆ ಕೆಳಗೆ ಬಿದ್ದಿರತ್ತೆ, ಮತ್ತೆ ಎಸೀಬೇಕು. ಮಾವ ಒಬ್ಬೊಬ್ಬರಿಗೂ ಎಷ್ಟು ನಿಮಿಷ ಹಿಡಿಯತ್ತೆ ಅಂತ ಲೆಕ್ಕ ಹಾಕಿ "ನಮ್ಮ ಸರದಿ ಬರೋ ಹೊತ್ತಿಗೆ ಬಸ್ ಹೋಗಿರತ್ತೆ" ಅಂತ ಘೋಷಣೆ ಮಾಡಿದ್ರು.

ಹಾಗಾಗಿ ಕ್ಯೂ ಬಿಟ್ಟು ಪಕ್ಕದ ಕಟ್ಟೆ ಹತ್ರ ಫೋಟೋ ತೆಗೆಯೋಣ ಅಂತ ನಿಂತ್ವಿ. ನನ್ನ ಹೆಂಡ್ತಿ ಟೋಪಿ ಹಾಕ್ಕೊಂಡು, ಮುಖ ಓರೆ ಮಾಡಿ, ಸಮುದ್ರ ನೋಡೋ ಥರ ನಿಂತ್ಕೊಂಡ್ಲು. ನಾನು ಫೋನ್ ಎತ್ತೋದಕ್ಕೂ ಗಾಳಿ ಬರೋದಕ್ಕೂ ಸರಿಹೋಯ್ತು, ಟೋಪಿ ಮೇಲಕ್ಕೆ ಹಾರಿ, ಎರಡು ಸುತ್ತು ತಿರುಗಿ, ಕೆಳಗಿನ ಹೋಟೆಲಿನ ಪುಟ್ಟ ಈಜುಕೊಳದಲ್ಲಿ ಇಳೀತು. ಅಲ್ಲಿ ಎದೆಮಟ್ಟ ನೀರಲ್ಲಿ ನಿಂತಿದ್ದ ಒಬ್ಬ ಬೊಕ್ಕತಲೆಯ ಸಾಹೇಬ್ರು ಅದನ್ನ ಎತ್ಕೊಂಡು, ನೀರು ಕೊಡವಿ, ತಲೆ ಮೇಲೆ ಇಟ್ಕೊಂಡು, ನಮ್ಮ ಕಡೆ ಗ್ಲಾಸ್ ಎತ್ತಿ ತೋರಿಸಿದ್ರು. ಕೆಳಗೆ ಹೋಗೋ ಬಾಗಿಲಲ್ಲಿ ಹೋಟೆಲ್ ಗೆಸ್ಟ್‌ಗಳಿಗೆ ಮಾತ್ರ ಅಂತ ಬೋರ್ಡು. ನಮ್ಮ ಕುಟುಂಬದ ಪೈಕಿ ಆವತ್ತು ಸ್ಯಾಂಟೊರಿನಿ ಸೂರ್ಯಾಸ್ತ ನೋಡಿದ್ದು ಆ ಟೋಪಿ ಒಂದೇ.

ಆಮೇಲೆ ಫೀರಾ, ದ್ವೀಪದ ಮುಖ್ಯ ಪಟ್ಟಣ. ದಾರಿ ಪಕ್ಕದಲ್ಲಿ ದ್ರಾಕ್ಷಿ ತೋಟ, ಆದ್ರೆ ಚಪ್ಪರ ಇಲ್ಲ, ಗಾಳಿಗೆ ತಡೀಲಿ ಅಂತ ಬಳ್ಳಿನ ನೆಲದ ಮೇಲೇ ಬುಟ್ಟಿ ಹೆಣೆದಂಗೆ ಸುತ್ತಿರ್ತಾರೆ, ಹಣ್ಣು ಒಳಗೆ ಬಿಡತ್ತೆ. ಮಳೆ ತೀರಾ ಕಮ್ಮಿ, ರಾತ್ರಿ ಮಂಜಿನ ತೇವನೇ ಅದಕ್ಕೆ ನೀರು. ಫೀರಾದಲ್ಲಿ ಊಟ. ಅಲ್ಲಿನ ಫಾವಾ ಅನ್ನೋದು ಸಸ್ಯಾಹಾರಿಗಳಿಗೆ ಆಗತ್ತೆ ಅಂತ ತರಿಸಿದ್ವಿ, ಹಳದಿ ಬೇಳೆನ ನುಣ್ಣಗೆ ಬೇಯಿಸಿ ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿರ್ತಾರೆ. ಅತ್ತೆ ಒಂದು ಚಮಚ ತಿಂದು, ಇನ್ನೊಂದು ತಿಂದು, "ಒಗ್ಗರಣೆ ಹಾಕೋದು ಮರ್ತಿದಾರೆ, ಪಾಪ ರಶ್ಶು" ಅಂತ ಕ್ಷಮಿಸಿದ್ರು. ಚಕ್ಕುಲಿ ಮುರಿದು ಅದ್ರಲ್ಲಿ ಅದ್ದಿ ತಿಂದ್ವಿ, ಸುಳ್ಳು ಹೇಳಲ್ಲ, ಬಹಳ ಚೆನ್ನಾಗಿತ್ತು, ವೇಟರ್ ಕೂಡ ಒಂದು ಈಸ್ಕೊಂಡು ಹೋದ.

ಊಟ ಆದ್ಮೇಲೆ ಕೆಳಗಿನ ಹಳೇ ಬಂದರು ನೋಡೋ ಆಸೆ. ಅಲ್ಲಿಗೆ ಇಳಿಯೋಕೆ ಸುಮಾರು 600 ಮೆಟ್ಟಿಲು ಇದೆ, ಇಲ್ಲಾಂದ್ರೆ ಕೇಬಲ್ ಕಾರು, ಇಲ್ಲಾಂದ್ರೆ ಕತ್ತೆ. ಕೇಬಲ್ ಕಾರ್ ಹತ್ರ ಕ್ರೂಸ್ ಹಡಗಿನ ಜನ ಗಲ್ಲಿ ತುಂಬಿ ನಿಂತಿದ್ರು. ದಿನಕ್ಕೆ 8000 ಕ್ರೂಸ್ ಪ್ರಯಾಣಿಕರು ಸಾಕು ಅಂತ ಮಿತಿ ಹಾಕಿದಾರಂತೆ, ಆ 8000 ಜನಾನೂ ಆ ಒಂದೇ ಗಲ್ಲೀಲಿ ಇದ್ದಂಗಿತ್ತು. ಕತ್ತೆ ವಿಚಾರ ಬಂದಾಗ ನನ್ನ ಹೆಂಡ್ತಿ ಫೋನಲ್ಲಿ ಓದಿ ಹೇಳಿದ್ಲು, 2018ರಿಂದ ಒಂದು ನಿಯಮ ಇದೆ, ಕತ್ತೆ ಮೇಲೆ 100 ಕೆಜಿ ಅಥವಾ ಅದರ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರೆ ಹಾಕೋ ಹಂಗಿಲ್ಲ ಅಂತ. ಓದಿ ಆದ್ಮೇಲೆ ಮೂರೂ ಜನ ನನ್ನ ಹೊಟ್ಟೆ ನೋಡಿದ್ರು. ಯಾರೂ ಏನೂ ಅನ್ಲಿಲ್ಲ, ಐಸ್‌ಕ್ರೀಮ್ ಅಂಗಡಿ ಕಡೆ ಹೊರಟ್ವಿ.

4.30ಕ್ಕೆ ಬಸ್ ಪಾರ್ಕಿಂಗಲ್ಲಿ ಸೇರ್ಬೇಕಿತ್ತು. ಅಲ್ಲಿ ನೋಡಿದ್ರೆ ಒಂದೇ ಥರದ ಬಿಳಿ ಬಸ್ಸುಗಳು ಸಾಲಾಗಿ ನಿಂತಿವೆ, ಒಂದೊಂದರ ಗಾಜಿಗೆ ಒಂದೊಂದು ಬಣ್ಣದ ಕಾಗದ, ಗೈಡಮ್ಮ ಯಾರೋ ಇಬ್ರು ಫ್ರೆಂಚರು ಬಂದಿಲ್ಲ ಅಂತ ಹುಡುಕ್ಕೊಂಡು ಹೋಗಿದಾಳೆ, ಬಿಸಿಲಿಗೆ ಬೆಂದ ಜನ ಎಲ್ಲಿ ಹತ್ಬೇಕು ಗೊತ್ತಾಗ್ದೇ ಸುತ್ತಾಡ್ತಿದಾರೆ. ಇಂಥಾ ದೃಶ್ಯ ನೋಡಿ ಮಾವನ ಕೈಲಿ ಸುಮ್ನೆ ಇರೋಕಾಗತ್ತಾ? ಬಾಗಿಲ ಹತ್ರ ನಿಂತ್ಕೊಂಡು "ಹತ್ತಿ ಹತ್ತಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ" ಅಂತ ಶುರು ಮಾಡಿದ್ರು, ಅಪ್ಪಟ ಕನ್ನಡದಲ್ಲಿ, ಕೈ ಬೀಸ್ಕೊಂಡು. ಆಶ್ಚರ್ಯ ಅಂದ್ರೆ ಎಲ್ರೂ ಹತ್ತಿದ್ರು. ಫ್ರೆಂಚರೂ ಸಿಕ್ಕಿದ್ರು. ಗೈಡಮ್ಮ ಓಡ್ಬಂದು ಜರ್ಮನ್‌ನಲ್ಲಿ "ಡಾಂಕೆ", ಅಂದ್ರೆ ಥ್ಯಾಂಕ್ಸ್, ಅಂದ್ಲು, ಮಾವ ಬಸ್ಸಿನ ಮೈಗೆ ಎರಡು ಸಲ ಬಡಿದು "ರೈಟ್ ರೈಟ್" ಅಂದ್ರು, ಡ್ರೈವರ್ ಬಿಟ್ಟೇಬಿಟ್ಟ.

ಮೂರನೇ ತಿರುವು ಇಳೀವಾಗ ಗೈಡಮ್ಮ ತಲೆ ಎಣಿಸಿದ್ಲು. ನಿಂತ್ಕೊಂಡು ಯೋಚಿಸಿ ಮತ್ತೆ ಎಣಿಸಿದ್ಲು. ಮಾವ ಡೈರಿ ತೆಗೆದು ಕನ್ನಡಕ ಏರಿಸಿ "ಬೆಳಿಗ್ಗೆ 43" ಅಂದ್ರು. ಆಕೆ "44" ಅಂದ್ಲು. ಒಬ್ರು ಕಮ್ಮಿ ಆಗೋದು ಎಲ್ಲ ಟೂರಲ್ಲೂ ಇದ್ದಿದ್ದೇ, ಜಾಸ್ತಿ ಆದ್ರೆ ಏನು ಮಾಡ್ಬೇಕು ಅಂತ ಆಕೆಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ ಅನ್ಸತ್ತೆ. ಒಬ್ಬೊಬ್ಬರ ಎದೆ ನೋಡ್ತಾ ಬಂದು ಅತ್ತೆ ಹತ್ರ ನಿಂತ್ಲು. ಪಕ್ಕದ ಸೀಟಲ್ಲಿ ಒಬ್ರು ಎಪ್ಪತ್ತು ದಾಟಿದ ಅಜ್ಜ, ಎದೆ ಮೇಲೆ ಹಸಿರು ಸ್ಟಿಕರ್, ಕೈಲಿ ಚಕ್ಕುಲಿ. ಆರಾಮಾಗಿ ತಿಂತಾ ಅತ್ತೆಗೆ ಮೊಮ್ಮಕ್ಕಳ ಫೋಟೋ ತೋರಿಸ್ತಿದ್ರು, ಅವರದ್ದು ಪೋಲಿಷ್ ಭಾಷೆ, ಅತ್ತೆದು ಕನ್ನಡ, ದೊಡ್ಡ ಮೊಮ್ಮಗಳಿಗೆ ಗಂಡು ನೋಡ್ತಿದಾರೆ ಅನ್ನೋವರೆಗೂ ಮಾತು ಹೋಗಿತ್ತು, ಅತ್ತೆ ಹೇಳಿದ ಪ್ರಕಾರ.

"ನಾನೇ ಹತ್ತಿಸಿದ್ದು, ಹಿರಿಯರು, ಬಿಸಿಲಲ್ಲಿ ನಿಂತಿದ್ರು, ಸೀಟ್ ಇತ್ತಲ್ಲ" ಅಂದ್ರು ಮಾವ, ಕಿಂಚಿತ್ತೂ ಅಳುಕಿಲ್ದೇ.

ಗೈಡಮ್ಮ ಯಾರ್ಯಾರಿಗೋ ಫೋನ್ ಹಚ್ಚಿದ್ಲು, ಗ್ರೀಕಲ್ಲಿ ಜೋರು ಮಾತಾಯ್ತು. ಹಸಿರು ಬಸ್ಸು ಇನ್ನೂ ಫೀರಾ ಬಿಟ್ಟೇ ಇಲ್ವಂತೆ. ಗಂಡ ಬರೋವರೆಗೂ ಬಸ್ ಅಲ್ಲಾಡ್ಬಾರ್ದು ಅಂತ ಅಜ್ಜಿ ಬಾಗಿಲ ಮೆಟ್ಟಿಲ ಮೇಲೇ ಕೂತ್ಬಿಟ್ಟಿದಾರಂತೆ, ಇಬ್ರು ಗೈಡುಗಳು ಅಜ್ಜನ್ನ ಹುಡುಕ್ಕೊಂಡು ಕೇಬಲ್ ಕಾರ್ ಕ್ಯೂವರೆಗೂ ಹೋಗಿದಾರಂತೆ. ಅಜ್ಜನಿಗೆ ವಿಷಯ ಹೆಂಗೋ ಅರ್ಥ ಆಯ್ತು, ಆದ್ರೂ ಅವಸರ ಮಾಡ್ಲಿಲ್ಲ, ಇನ್ನೊಂದು ಚಕ್ಕುಲಿಗೆ ಕೈ ಚಾಚಿದ್ರು. ಮಾವ ವಾಚ್ ನೋಡಿದ್ರು, ಡೈರಿಯಲ್ಲಿ ನಮ್ಮ ಗಾಡಿ ಎದುರು 'ಸಕಾಲ' ಅಂತ ಬರ್ದು ಅಡಿಗೆರೆ ಎಳೆದ್ರು, ಅದರ ಕೆಳಗೆ 'ಹಸಿರು ಗಾಡಿ, 25 ನಿಮಿಷ ತಡ' ಅಂತ ಬರ್ದ್ರು. ಕಾರಣದ ಜಾಗದಲ್ಲಿ ಸ್ವಲ್ಪ ಹೊತ್ತು ಯೋಚಿಸಿ 'ಪ್ರಯಾಣಿಕರ ಅಶಿಸ್ತು' ಅಂತ ತುಂಬಿದ್ರು.