ಮಣಿಕಟ್ಟಿನ ಪಂಚಾಂಗ

ಮುಂಬಯಿಯ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಇಬ್ಬರು ಕನ್ನಡಿಗರು ಬೆಳಿಗ್ಗೆ ಎದುರಾದರೆ ಹಿಂದೆಲ್ಲ "ಊರು ಯಾವುದು, ಕುಂದಾಪುರವೋ ಕಾರ್ಕಳವೋ?" ಎಂದು ಮಾತು ಶುರುವಾಗುತ್ತಿತ್ತು. ಈಗ ಹೆಜ್ಜೆ ಎಣಿಸುವ ವಾಚು ಕಟ್ಟಿದ ಎಡಗೈ ತಿರುಗುತ್ತದೆ. "ಎಷ್ಟಾಯ್ತು ಶೆಟ್ರೇ?" "ಆರು ಸಾವಿರ. ನಿಮ್ದು ರಾಯರೇ?" ನಾಲ್ಕು ಸಾವಿರದ ರಾಯರು ತೋಳು ಕೆಳಗೆಳೆದು ವಾಚು ಮುಚ್ಚಿಕೊಳ್ಳುತ್ತಾರೆ. ಹತ್ತು ಸಾವಿರ ಮುಟ್ಟಿದವನು ಶಿಸ್ತಿನ ಮನುಷ್ಯ, ಮುಟ್ಟದವನು ಸೋಮಾರಿ. ಸ್ವಭಾವ ನಿರ್ಣಯ ಅಲ್ಲಿಗೆ ಮುಗಿಯಿತು.

ಈ ಹತ್ತು ಸಾವಿರ ಹೆಸರಾದದ್ದು ಆಸ್ಪತ್ರೆಯಿಂದಲ್ಲ, ಅಂಗಡಿಯಿಂದ. 1965ರಲ್ಲಿ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಯಂತ್ರ ಮಾರಲು ಹೊರಟು ಅದಕ್ಕೆ 'ಮಾನ್ಪೊ-ಕೆ' ಎಂದು ಹೆಸರಿಟ್ಟಿತು. ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಜ್ಜೆಗೆ 70 ಸೆಂ.ಮೀ. ಹಿಡಿದರೆ 7 ಕಿಲೋಮೀಟರ್ ಆಯಿತು. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು ಬಂದವನ ಲೆಕ್ಕ ಅದರಲ್ಲಿ ಸೇರಿಲ್ಲ.

ವಾಚಿನೊಳಗೆ ಕಾಲು ನೋಡುವ ಕಣ್ಣೇನೂ ಇಲ್ಲ. ಅಕ್ಕಿಕಾಳಿನಷ್ಟು ಚಿಕ್ಕ ಚಿಪ್ ಒಂದಿದೆ, ಅದು ಮೂರು ದಿಕ್ಕಿನ ಅಲುಗಾಟ ಅಳೆಯುತ್ತದೆ. ಸೆಕೆಂಡಿಗೆ ಸುಮಾರು ಎರಡರಂತೆ, ಒಂದೇ ಲಯದಲ್ಲಿ, ಒಂದಷ್ಟು ಹೊತ್ತು ಕೈ ಅಲುಗಿತೋ, ಅದನ್ನು ನಡಿಗೆ ಎಂದು ಬರೆದುಕೊಳ್ಳುತ್ತದೆ. ಲಯವಿಲ್ಲದ ಅಲುಗಾಟವನ್ನು ಎಸೆಯುತ್ತದೆ. ಅಂದರೆ ಇದು ಕೈಯ ಲೆಕ್ಕ, ಕಾಲಿನ ಹೆಸರಲ್ಲಿ.

ಉಡುಪಿ ಹೊಟೇಲಿನ ಮಾಣಿಗೆ ಈ ವಾಚು ಕಟ್ಟಿ ನೋಡಿ. ಮುಂಗೈಯಿಂದ ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು ಅಡುಗೆಮನೆಯಿಂದ ಮೇಜಿಗೆ, ಮೇಜಿನಿಂದ ಅಡುಗೆಮನೆಗೆ ದಿನವಿಡೀ ಓಡುತ್ತಾನೆ. ಕೈ ಅಲುಗಿದರೆ ಸಾಂಬಾರು ಗಿರಾಕಿಯ ಅಂಗಿಯ ಮೇಲೆ. ಹಾಗಾಗಿ ಅಲುಗಿಸುವುದಿಲ್ಲ. ಅಲುಗದ ಕೈಗೆ ಹೆಜ್ಜೆಯೂ ಇಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ವಾಚು "ಬಹಳ ಹೊತ್ತು ಕೂತಿದ್ದೀರಿ, ಸ್ವಲ್ಪ ಎದ್ದು ಓಡಾಡಿ" ಎಂದು ಬುದ್ಧಿ ಹೇಳುತ್ತದೆ. ಅದೇ ಸಂಜೆ ಭಜನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರು ನಿಮಿಷಕ್ಕೆ ನೂರರಂತೆ ಅರ್ಧ ಗಂಟೆ ಚಪ್ಪಾಳೆ ತಟ್ಟಿದರೆ ಮೂರು ಸಾವಿರದ ಹತ್ತಿರ ಹೋಗಬಹುದು. ತಾಳ ತಪ್ಪಿದವನಿಗೆ ಮಾತ್ರ ಏನೂ ದಕ್ಕದು. ಭಾಗವತರಿಗೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

ಮಾಣಿಗೆ ನ್ಯಾಯ ಬೇಕಿದ್ದರೆ ಪ್ಯಾಂಟಿನ ಮುಂದಿನ ಕಿಸೆಯಲ್ಲಿ ಫೋನ್ ಇಟ್ಟರಾಯಿತು, ತೊಡೆ ಸುಳ್ಳು ಹೇಳುವುದಿಲ್ಲ. ಆದರೆ ನ್ಯಾಯ ಯಾರಿಗೆ ಬೇಕು? ಹೆಜ್ಜೆಗೆ ಅಂಕ, ಅಂಕಕ್ಕೆ ಆರೋಗ್ಯ ವಿಮೆಯಲ್ಲಿ ರಿಯಾಯಿತಿ ಎಂದಾದ ಮೇಲೆ ಫೋನನ್ನು ತೂಗುವ ಪುಟ್ಟ ತೊಟ್ಟಿಲೇ ಮಾರಾಟಕ್ಕಿದೆ. ಪ್ಲಗ್ಗಿಗೆ ಹಾಕಿ, ಫೋನ್ ಮಲಗಿಸಿ, ನೀವೂ ಮಲಗಿ. ಒಂದು ಜೋಗುಳ ಹಾಡಿದರೆ ಸಂಸ್ಕಾರವೂ ಉಳಿದಂತೆ.

ನಾಡಿಯದು ಇನ್ನೊಂದು ಕಥೆ. ಹಸಿರು ದೀಪ ಚರ್ಮಕ್ಕೆ ಬಿಟ್ಟು, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳುವ ಬೆಳಕನ್ನು ವಾಚು ಅಳೆಯುತ್ತದೆ. ಪಟ್ಟಿ ಬಳೆಯಂತೆ ಸಡಿಲವಾಗಿದ್ದರೆ ನಡಿಗೆಯ ಕುಲುಕಾಟವನ್ನೇ ನಾಡಿ ಎಂದುಕೊಳ್ಳುವುದೂ ಉಂಟು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಬೇಕು. ಕಟ್ಟದೆ ದಾದರ್ ಸೇತುವೆ ಹತ್ತಿ ಅಂಕಿ ನೋಡಿದವನು ತನ್ನದು 'ಆತಂಕದ ಸ್ವಭಾವ' ಎಂದು ಮನೆಯವರಿಗೆಲ್ಲ ಸಾರುತ್ತಾನೆ.

ಎಲ್ಲಕ್ಕಿಂತ ಮಿಗಿಲಾದದ್ದು ನಿದ್ದೆ. ಬಹಳ ಹೊತ್ತು ಅಲುಗದೆ ಕೂತು ನಾಡಿ ಇಳಿದರೆ ಎಚ್ಚರವಿದ್ದವನನ್ನೂ ವಾಚು ನಿದ್ದೆಯ ಲೆಕ್ಕಕ್ಕೆ ಸೇರಿಸಬಹುದು. (ಸಂಘದ ವಾರ್ಷಿಕ ಮಹಾಸಭೆಯ ಮಟ್ಟಿಗೆ ಇದನ್ನು ದೋಷ ಎನ್ನಲಾಗದು.) 2022ರಲ್ಲಿ ಫಿಟ್‌ಬಿಟ್ ಎಂಬ ವಾಚಿನ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಂದಾ ಕಟ್ಟಿದವರಿಗೆ ಅವರು ಮಲಗುವ ರೀತಿಗೆ ತಕ್ಕಂತೆ ತಿಂಗಳಿಗೊಮ್ಮೆ ಒಂದು ನಿದ್ರಾಪ್ರಾಣಿ ದಯಪಾಲಿಸಿತು. ಜಿರಾಫೆ, ಕರಡಿ, ಡಾಲ್ಫಿನ್, ಮುಳ್ಳಿಲಿ, ಗಿಳಿ, ಆಮೆ, ಒಟ್ಟು ಆರು. ನಮ್ಮ ಜೋಯಿಸರು ನಗದೆ ಇರುತ್ತಾರೆಯೇ? ಜಾತಕ ಕೂಡಿಸುವಾಗ ನೋಡುವ ಯೋನಿಕೂಟದಲ್ಲಿ 14 ಪ್ರಾಣಿಗಳಿವೆ, 36 ಗುಣಗಳಲ್ಲಿ 4 ಅದರದ್ದೇ. ರೋಹಿಣಿಗೆ ಹಾವು, ಉತ್ತರಾಷಾಢಕ್ಕೆ ಮುಂಗುಸಿ, ಇಬ್ಬರಿಗೂ ಆಗಿಬರದು. ಅಲ್ಲಿ ಹುಟ್ಟಿದ ಹೊತ್ತು ಸಾಕು, ಮತ್ತೆ ಚಂದಾ ಇಲ್ಲ.

ವಾಚು, ಜೋಯಿಸರು ಇಬ್ಬರ ಗುಟ್ಟೂ ಒಂದೇ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ "ಇದು ನಿನ್ನೊಬ್ಬನ ಸ್ವಭಾವ" ಎಂದು ಒಂದೊಂದು ಹಾಳೆ ಕೊಟ್ಟ. ಎಲ್ಲ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಬಹುಪಾಲು ಅಂಗಡಿಯ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಅದು ತಮಗೆಷ್ಟು ಹೊಂದುತ್ತದೆ ಎಂದು ಹುಡುಗರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ವಾಚು ಕೈಯಲ್ಲಿದ್ದಿದ್ದರೆ ಐದಕ್ಕೆ ಐದೇ ಬರುತ್ತಿತ್ತೇನೋ.

ಹೀಗೇ ಸಾಗಿದರೆ ಮುಂಬಯಿ ಕನ್ನಡಿಗರ ಮದುವೆ ಬಯೋಡಾಟಾದಲ್ಲಿ ಗೋತ್ರದ ಕೆಳಗೆ ಇನ್ನೊಂದು ಗೆರೆ ಬರಬೇಕು. "ನಕ್ಷತ್ರ ಮೂಲಾ, ನಿದ್ರೆ ಆಮೆ, ಸ್ವಂತ ಫ್ಲಾಟ್ ಮೀರಾ ರೋಡ್." ಒಂದೇ ತೊಡಕು: 2022ರ ನಿಯಮದಂತೆ ಪ್ರಾಣಿ ಸಿಗಬೇಕಾದರೆ ತಿಂಗಳಲ್ಲಿ ಕನಿಷ್ಠ 14 ರಾತ್ರಿ ವಾಚು ಕಟ್ಟಿಯೇ ಮಲಗಬೇಕು, ನಮ್ಮವರು ಚಾರ್ಜಿಗೆ ಹಾಕುವುದು ರಾತ್ರಿಯೇ. ಹೆಣ್ಣಿನ ಕಡೆಯವರು ಫೋನ್ ಮಾಡಿ ಕೇಳಿದಾಗ ಹುಡುಗನ ತಾಯಿ ಹೇಳಬೇಕಾದೀತು: "ಈ ತಿಂಗಳು ನಮ್ಮ ಹುಡುಗನಿಗೆ ಪ್ರಾಣಿ ಬಂದಿಲ್ಲ ಮಾರಾಯ್ರೆ, ಚಾರ್ಜಿಗಿಟ್ಟಿದ್ದ. ಮುಂದಿನ ತಿಂಗಳು ತಿಳಿಸ್ತೇವೆ."